ನಾಲ್ಕು ಬೆರಳು

“ಎಡಗಡೆ, ಪಕ್ಕೆಲುಬಿನ ಕೆಳಗೆ ನಾಲ್ಕು ಬೆರಳು,” ಎಂದು ಮಂಚದ ಮೇಲೆ ಮಲಗಿದ್ದ ಅಜ್ಜ ತುಟಿ ಅಲುಗಿಸದೆ ಉಸುರಿದರು. “ಹಾಗೇ ಹೇಳಿಬಿಡು ತಾಯಿ. ಬೆಳಗ್ಗಿಂದ ಏಳು ಜನ ಹೇಳಿದ್ರು, ಏಳೂ ಜನ ದಾಟಿಕೊಂಡ್ರು.”

ಆಕೆ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡಳು. ಪರದೆಯ ಆಚೆ ಪರೀಕ್ಷಕ ಡಾಕ್ಟರು ಕುರ್ಚಿ ಎಳೆದುಕೊಂಡ ಸದ್ದಾಯಿತು. ಇನ್ನು ಹತ್ತು ನಿಮಿಷ. ಅದು ಫಿಸಿಷಿಯನ್ ಅಸಿಸ್ಟೆಂಟ್ ಪದವಿಯ ಕೊನೆಯ ಪರೀಕ್ಷೆ. ರೋಗಿಯನ್ನು ಮುಟ್ಟಿ ನೋಡಿ, ಕಂಡದ್ದನ್ನು ಕಂಡಂತೆ ವೈದ್ಯರಿಗೆ ಒಪ್ಪಿಸಬೇಕು. ಹನ್ನೆರಡು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಶೀಶೆ ತೊಳೆದು, ನಲವತ್ತರ ಹತ್ತಿರ ಕಾಲೇಜು ಸೇರಿದ ಆಕೆಯನ್ನು ಜೊತೆಯ ಹುಡುಗರು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಹೋದ ಸಲ ದೊಡ್ಡಮ್ಮ ಸರಿಯಾದ ಉತ್ತರವನ್ನೇ ಹೇಳಿದ್ದಳು. ಪರೀಕ್ಷಕರು “ಖಂಡಿತವಾ?” ಎಂದದ್ದೇ ತಡ, ಹೆದರಿ ಮಾತು ಬದಲಿಸಿಬಿಟ್ಟಿದ್ದಳು. ಈ ಸಲವೂ ತಪ್ಪಿದರೆ ಕಾಲೇಜಿನ ಪಟ್ಟಿಯಿಂದ ಹೆಸರೇ ಹೋಗುತ್ತದೆ.

ಅಜ್ಜ ಮೊದಲು ದರ್ಜಿ. ರಕ್ತದ ಕಾಯಿಲೆಯಿಂದ ಅವರ ಎಡಪಕ್ಕೆಯಡಿಯ ಗುಲ್ಮ, ಅಂದರೆ ಸ್ಪ್ಲೀನ್, ಊದಿ ನಾಲ್ಕು ಬೆರಳಿನಷ್ಟು ಕೆಳಗಿಳಿದು ಕೈಗೆ ಸಿಗುತ್ತಿತ್ತು. ಒಂಬತ್ತು ವರ್ಷದಿಂದ ಪ್ರತಿ ಪರೀಕ್ಷೆಗೂ ಕಾಲೇಜಿನವರು ಅವರನ್ನು ಕರೆಸಿ ಮಲಗಿಸುತ್ತಿದ್ದರು. ಮಕ್ಕಳು ನಪಾಸಾಗುವುದನ್ನು ನೋಡಲಾರದ ಜೀವ ಅದು. ನಗುತ್ತ ಮಾತನಾಡಿಸಿದವರಿಗೆಲ್ಲ ತಮ್ಮ ಅಳತೆಯನ್ನು ತಾವೇ ಒಪ್ಪಿಸಿಬಿಡುತ್ತಿದ್ದರು.

ಆಕೆ ಕೆಳಹೊಟ್ಟೆಯ ಬಲಮೂಲೆಯಲ್ಲಿ ಬೆರಳಿಟ್ಟು, ಅಜ್ಜನ ಒಂದೊಂದು ಉಸಿರಿಗೆ ಒಂದಿಷ್ಟರಂತೆ ಎಡಕ್ಕೆ, ಮೇಲಕ್ಕೆ ಸರಿದಳು. ನಾಲ್ಕು ಬೆರಳಿನ ಜಾಗ ಬಂತು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಕೆಳಗಿನಿಂದ ಬಂದಳು. ಇರಲಿಲ್ಲ. ಅಜ್ಜನನ್ನು ಬಲಮಗ್ಗುಲಿಗೆ ಹೊರಳಿಸಿ, ಪಕ್ಕೆಲುಬಿನ ಅಂಚಿಗೇ ಬೆರಳು ತಂದು, ಎದೆ ತುಂಬ ಉಸಿರೆಳೆದುಕೊಳ್ಳಲು ಹೇಳಿದಳು. ನೀರೊಳಗೆ ಮೀನು ತಾಕಿ ಹೋದಂತೆ, ಏನೋ ಒಂದು ಬೆರಳ ತುದಿಗೆ ತಾಕಿ ಜಾರಿತು. ಅಷ್ಟೇ.

ಔಷಧಿ ಏನಾದರೂ ಬದಲಾಯಿತೇ ಎಂದು ಮೆಲ್ಲನೆ ಕೇಳಿದಳು. ಎಂಟು ತಿಂಗಳಿಂದ ಹೊಸ ಮಾತ್ರೆ ಎಂದರು ಅಜ್ಜ. ರಕ್ತ ಸುಧಾರಿಸಿದೆ ಎಂದು ಮಾತ್ರೆ ಕೊಟ್ಟ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ ಹೇಳಿದ್ದರಂತೆ, ಹೊಟ್ಟೆ ಮಾತ್ರ ಯಾರೂ ಮುಟ್ಟಿರಲಿಲ್ಲವಂತೆ. ಆಮೇಲೆ ಆಕೆಯ ಮುಖ ನೋಡಿ ಅಜ್ಜನಿಗೇ ದಿಗಿಲಾಯಿತು. “ಹಟ ಮಾಡಬೇಡ ಮಗಳೇ. ನಾಲ್ಕು ಅಂತ ಪರೀಕ್ಷಕರ ಕಾಗದದಲ್ಲೇ ಬರೆದಿದೆ.”

ಆಕೆ ಅರೆಗಳಿಗೆ ಕಣ್ಣು ಮುಚ್ಚಿದಳು. ದೇವರೇ, ಕೈಗೆ ಸಿಕ್ಕಿದ್ದನ್ನು ಬಾಯಿಗೂ ಕೊಡು ಎಂದುಕೊಂಡಳು. ಪರದೆ ಸರಿಸಿ ಹೊರಬಂದು, ಗುಲ್ಮ ನಾಲ್ಕು ಬೆರಳಿಲ್ಲ, ಬಲಮಗ್ಗುಲಿಗೆ ಹೊರಳಿ ಪೂರ್ತಿ ಉಸಿರೆಳೆದಾಗ ಅದರ ತುದಿಯಷ್ಟೇ ತಾಕುತ್ತದೆ ಎಂದು ಒಪ್ಪಿಸಿದಳು.

ಪರೀಕ್ಷಕರು ಕಾಗದ ನೋಡಿದರು, ಆಕೆಯನ್ನು ನೋಡಿದರು. “ಖಂಡಿತವಾ?”

“ಖಂಡಿತ ಸಾರ್.”

“ಏಳು ಜನಕ್ಕೆ ಸಿಕ್ಕಿದ್ದು ನಿಮಗೆ ಯಾಕೆ ಸಿಗಲಿಲ್ಲ?”

ಆಕೆ ಈ ಸಲ ಮಾತು ಬದಲಿಸಲಿಲ್ಲ. “ಅವರ ಕೈ ಸುದ್ದಿ ನನಗೆ ಗೊತ್ತಿಲ್ಲ ಸಾರ್. ನನ್ನ ಕೈಗೆ ಸಿಕ್ಕಿದ್ದು ಇಷ್ಟೇ.”

ಪರೀಕ್ಷಕರು ಅಂಗಿಯ ತೋಳು ಮಡಚಿಕೊಂಡು ಪರದೆಯೊಳಗೆ ಹೋದರು. ಅವರೂ ಕೆಳಗಿನಿಂದ ಬಂದರು, ಮತ್ತೊಮ್ಮೆ ಬಂದರು, ಅಜ್ಜನನ್ನು ಬಲಮಗ್ಗುಲಿಗೆ ಹೊರಳಿಸಿದರು. ಹೊರಬಂದವರೇ ಕಾಗದದ ಮೇಲಿದ್ದ ನಾಲ್ಕನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಹೋದ ವರ್ಷದ ಕಾಗದದಿಂದ ಇಳಿಸಿಕೊಂಡ ಅಂಕಿ ಅದು, ತಾವೂ ಮುಟ್ಟಿ ನೋಡಿರಲಿಲ್ಲ ಎಂದು ಒಪ್ಪಿಕೊಂಡರು. ಆಕೆಯ ಮುಂದೆ ಪೂರ್ತಿ ಅಂಕ ಬರೆದು ಲೇಖನಿ ಮುಚ್ಚಿದರು. “ನಾಳೆ ನೀವು ಹೇಳಿದ್ದನ್ನು ನಂಬಿ ನಾನು ಮಾತ್ರೆ ಬರೀಬಹುದು,” ಎಂದರು.

ಆಕೆ ಒಳಗೆ ಹೋಗಿ ಅಜ್ಜನ ಕೈ ಹಿಡಿದು ಅವರ ಪಕ್ಕೆಯ ಕೆಳಗೇ ಇಟ್ಟಳು. ಒಂಬತ್ತು ವರ್ಷ ನೂರಾರು ಕೈಗಳು ಒತ್ತಿದ್ದ ಜಾಗವನ್ನು ಅಜ್ಜ ಹೆದರುತ್ತ ಹೆದರುತ್ತ ಒತ್ತಿ ನೋಡಿದರು. “ಹೋಯ್ತಾ?” ಎಂದು ಕೇಳಿದರು. ಹೋಗುತ್ತಾ ಬಂದಿದೆ ಎಂದಳು ಆಕೆ. ಕಣ್ಣಂಚಿನಿಂದ ಕಿವಿಯವರೆಗೆ ಇಳಿದ ನೀರನ್ನು ಅಜ್ಜ ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ, ಹೊರಗೆ ಪಾಸಾದ ಖುಷಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಏಳೂ ಜನರನ್ನು ಪರೀಕ್ಷಕರು ವಾಪಸು ಕರೆಸಿದ್ದರು. ಮೊದಲನೆಯ ಹುಡುಗ ಮಂಚದ ಬಳಿ ಬಂದವನೇ ಅಭ್ಯಾಸಬಲದಿಂದ ಬಾಗಿ ಕಿವಿಯನ್ನು ಅಜ್ಜನ ಬಾಯಿಯ ಹತ್ತಿರ ತಂದ.

“ಕಿವಿ ಬೇಡ ಮಗನೇ,” ಎಂದರು ಅಜ್ಜ. “ಕೈ ಕೊಡು.”