ಬಾವಲಿ ಮನೆ

“ಏನು ಕೆಟ್ಟಿದೆ ಅಂತ ಕೇಳು,” ಎಂದ ತಮ್ಮ, ಹೆಂಡತಿಗೆ. ಅಕ್ಕ ಎರಡೇ ಮಾರು ದೂರದಲ್ಲಿ, ಹಳೆಯ ಕಂಪ್ಯೂಟರ್ ಡಬ್ಬವನ್ನು ಎದೆಗವಚಿಕೊಂಡು ನಿಂತಿದ್ದಳು.

“ಏನು ಕೆಟ್ಟಿದೆ ಅಂತ ಕೇಳ್ತಿದ್ದಾರೆ, ಅತ್ತಿಗೆ,” ಎಂದಳು ಹೆಂಡತಿ, ನಗು ತಡೆದುಕೊಂಡು. ಅತ್ತಿಗೆಯ ಮುಖ ನೋಡಿದ್ದೇ ಅವಳು ಇವತ್ತು. ಕೆಲಸದ ನೆಪ ಹೇಳಿ ಅಕ್ಕ ಇವರ ಮದುವೆ ತಪ್ಪಿಸಿದ್ದಳು; ಅಂದಿನಿಂದ ನಾಲ್ಕು ವರ್ಷ ತಮ್ಮ ಅವಳೊಂದಿಗೆ ತುಟಿ ಬಿಚ್ಚಿರಲಿಲ್ಲ. ಒಂದು ಮಾತಾದರೂ ಆಡಿಸಿಯೇ ಹೋಗಬೇಕೆಂದು ಅವಳು ಅವನ ರಿಪೇರಿ ಅಂಗಡಿಗೇ ಬಂದಿದ್ದಳು.

“ಏನೂ ಕೆಟ್ಟಿಲ್ಲಮ್ಮ. ಚಿಕ್ಕವರಿದ್ದಾಗ ನಾವು ಚಿತ್ರ ಬರೀತಿದ್ದ ಪ್ರೋಗ್ರಾಂ ಇನ್ನೂ ಇದೆಯಾ ನೋಡ್ಬೇಕಿತ್ತು.”

“ಮೌಸೇ ಇಲ್ವಲ್ಲ, ಹೇಗೆ ಬರೀತಿದ್ರಿ?”

“ಟೈಪ್ ಮಾಡಿ. ನಾನು ಬಾಯಿ, ಇವನು ಬೆರಳು.”

ತಮ್ಮ ಮುಖ ಗಂಟು ಹಾಕಿಕೊಂಡೇ ವೈರು ಸಿಕ್ಕಿಸಿದ. ಡಬ್ಬ ಗೊರಗೊರ ಅಂದಿತು. ಪ್ರೋಗ್ರಾಮಿನ ಹೆಸರು ಏನಿತ್ತೆಂದು ಅಕ್ಕ ಯೋಚಿಸುವಷ್ಟರಲ್ಲಿ ಅವನ ಬೆರಳು ಅದನ್ನು ಕುಟ್ಟಿಯಾಗಿತ್ತು. ಕಪ್ಪು ಪರದೆಯ ಒಂದು ಪಕ್ಕದಲ್ಲಿ ಬಿಳಿ ಕಿಟಕಿಯೊಂದು ತೆರೆಯಿತು.

“ಗೆರೆ. ಐವತ್ತು, ನೂರು. ಅಲ್ಲಿಂದ ನೂರೈವತ್ತು, ನೂರು,” ಎಂದಳು ಅಕ್ಕ. ಅವನು ಎಂಟರ್ ಒತ್ತಿದ. ಕಿಟಕಿಯಲ್ಲಿ ಗೆರೆ ಮೂಡಿತು. ಇನ್ನೂ ಮೂರು ಹೇಳಿದಳು, ಗೋಡೆಗಳಾದವು.

“ಚಾವಣಿ ತುದಿ. ನೂರು, ಐವತ್ತು.”

ಅವನು ಐವತ್ತು ಒತ್ತಲಿಲ್ಲ, ಇನ್ನೂರೈವತ್ತು ಒತ್ತಿದ. ಚಾವಣಿ ಗೋಡೆಗಳ ಕೆಳಗೆ ಜೋತುಬಿತ್ತು.

“ಅಯ್ಯೋ, ಮನೆ ತಲೆಕೆಳಗಾಯ್ತಲ್ರೀ!”

“ತಪ್ಪೇನಿಲ್ಲ ಅಂತ ಹೇಳು ಅವರಿಗೆ.”

ಅಕ್ಕನಿಗೆ ಹೇಳಬೇಕಾಗಿರಲಿಲ್ಲ. ಈ ಕಿಟಕಿಯಲ್ಲಿ ಎರಡನೆಯ ಅಂಕಿ ಹೆಚ್ಚಿದಷ್ಟೂ ಗೆರೆ ಕೆಳಗಿಳಿಯುತ್ತದೆಂದು ಮೊದಮೊದಲು ಇಬ್ಬರಿಗೂ ಗೊತ್ತಿರಲಿಲ್ಲ. ಶಾಲೆಯ ಗ್ರಾಫ್ ಹಾಳೆಯಲ್ಲಿದ್ದಂತೆ ಮೇಲಕ್ಕೆ ಎಣಿಸಿದ್ದರು. ಅವರ ಮೊದಲ ಮನೆ ಹೀಗೇ ನೇತಾಡಿತ್ತು. “ಇದೇನ್ರೋ, ಬಾವಲಿ ಸಂಸಾರ ಮಾಡೋದಕ್ಕಾ?” ಎಂದು ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ನಗು ಮತ್ತೆ ಮತ್ತೆ ಕೇಳುವ ಆಸೆಗೆ, ಸರಿಯಾದ ಲೆಕ್ಕ ತಿಳಿದ ಮೇಲೂ ಅಕ್ಕತಮ್ಮ ನೆಟ್ಟಗಿನ ಮನೆ ಬರೆಯಲೇ ಇಲ್ಲ. ಆಮೇಲೆ ಊರ ತುಂಬ ಕಟ್ಟಡಗಳಿಗೆ ನಕ್ಷೆ ಬರೆದು ಬರೆದು, ಅಕ್ಕ ಅದನ್ನು ಮರೆತೇಬಿಟ್ಟಿದ್ದಳು. ಅವನು ಮರೆತಿರಲಿಲ್ಲ.

ಅಕ್ಕ ಪರದೆಯತ್ತ ಬಾಗಿದಳು. ಕರ್ಸರ್ ಮಿಣುಕುತ್ತ ಕಾಯಿತು. ತಮ್ಮ ಕೀಲಿಗಳ ಮೇಲೆ ಬೆರಳಿಟ್ಟ.

“ಬಾಗಿಲು ಎಲ್ಲಿಡ್ಲಿ?”

ಹೆಂಡತಿ ಇಷ್ಟು ಹೊತ್ತಿನಂತೆಯೇ ಅಕ್ಕನತ್ತ ತಿರುಗಿದಳು. “ಅತ್ತಿಗೆ, ಬಾಗಿಲು...”

“ನಾನೇ ಕೇಳಿದ್ನಲ್ಲ,” ಎಂದ ತಮ್ಮ.