ಕಡಲಿಗೆ ಮದ್ದು

ಕೈಯಲ್ಲಿ ಹಿಡಿದರೆ ಸಾಕು, ಚಿಪ್ಪು ಹಪ್ಪಳದಂತೆ ಮುರಿಯುತ್ತಿತ್ತು. ಇಡೀ ಬೆಳಗು ಅಳಿವೆಯಲ್ಲಿ ಆರಿಸಿದರೂ ಗಟ್ಟಿ ಚಿಪ್ಪೊಂದೂ ಸಿಗದೆ, ನೀರು ಪರೀಕ್ಷಿಸಲು ಬಂದಿದ್ದ ವಿಜ್ಞಾನಿಯ ಮುಂದೆ ಬೀರಮ್ಮ ಬುಟ್ಟಿ ಇಳಿಸಿದಳು.

“ಲೋಕದ ಹೊಗೇಲಿರೋ ಇಂಗಾಲದಲ್ಲಿ ಕಾಲುಪಾಲನ್ನ ಕಡಲು ಕುಡೀತಿದೆಯಮ್ಮ,” ಎಂದರು ಅವರು. “ಕುಡಿದು ಕುಡಿದು ನೀರಿಗೆ ಹುಳಿ ಏರ್ತಿದೆ. ಆ ನೀರಲ್ಲಿ ಚಿಪ್ಪು ದಪ್ಪ ಆಗೋದಿಲ್ಲ.”

“ಮದ್ದೇ ಇಲ್ವೇನ್ರಾ?”

“ಸುಣ್ಣ ಸುರಿದ್ರೆ ಹುಳಿ ಇಳೀತದೆ. ಆದ್ರೆ ಅಷ್ಟೊಂದು ಸುಣ್ಣ ಎಲ್ಲಿಂದ ತರೋದು?”

ಬೀರಮ್ಮನ ಮುಖ ಅರಳಿತು. “ನಮ್ದು ಸುಣ್ಣದ ಭಟ್ಟಿನೇ ಅಲ್ರಾ! ಅಜ್ಜನ ಕಾಲದಿಂದ ಸುಡ್ತೇವೆ. ಈ ಅಳಿವೆಗೆ ಸಾಕಾಗುವಷ್ಟು ನಾವೇ ಹಾಕ್ತೇವೆ.”

“ಹೌದಾ? ಏನನ್ನ ಸುಟ್ಟು ಸುಣ್ಣ ಮಾಡ್ತೀರಿ?”

“ಇದನ್ನೇ,” ಎನ್ನುತ್ತ ಬೀರಮ್ಮ ಬುಟ್ಟಿಯಿಂದ ಒಂದು ಚಿಪ್ಪೆತ್ತಿದಳು. ಅದು ಬೆರಳಲ್ಲೇ ಪುಡಿಯಾಯಿತು.