ಹೊಸ ಅಚ್ಚು

ಆ ಊರಿನಲ್ಲಿ ಎಲ್ಲರಿಗೂ ಗಂಟಲಗಡ್ಡೆ ಇತ್ತು; ದೊಡ್ಡ ಗಡ್ಡೆಯ ಹೆಣ್ಣಿಗೆ ಬೇಗ ಮದುವೆಯಾಗುತ್ತಿತ್ತು. ಅಕ್ಕಸಾಲಿ ವೀರಾಚಾರಿಯವರು ಕುತ್ತಿಗೆಗೆ ಅಂಟಿ ಕೂರುವ ಅಡ್ಡಿಕೆ ಎಂಬ ಚಿನ್ನದ ಸರ ಮಾಡುತ್ತಿದ್ದ ಮರದ ಅಚ್ಚುಗಳೆಲ್ಲ ಮುಂದಕ್ಕೆ ಉಬ್ಬಿದ್ದವು.

ಮದುಮಗಳು ಸುಗುಣಳ ಕತ್ತಿಗೆ ಎಲ್ಲಕ್ಕಿಂತ ಚಿಕ್ಕ ಅಚ್ಚಿನ ಅಡ್ಡಿಕೆಯೂ ಜೋಲಿತು. ತಾಯಿ ಪುಟ್ಟತಾಯಮ್ಮ ದನಿ ತಗ್ಗಿಸಿದಳು.

"ಒಳಗಡೆ ಅರಳೆ ಮೆತ್ತಿ ಉಬ್ಬಿಸ್ಕೊಡಿ ಆಚಾರ್ರೇ. ಹೆಣ್ಣು ನೋಡೋಕೆ ಬಂದಾಗ ಸೆರಗಲ್ಲಿ ಮುಚ್ಚಿದ್ದೆ. ಗಡ್ಡೆ ಇಲ್ಲ ಅಂತ ಗೊತ್ತಾದ್ರೆ ಗಂಡಿನೋರು ಬೇಡ ಅಂದ್ಬಿಡ್ತಾರೆ."

"ಹುಟ್ಟಿದಾಗಿಂದ ಹಿಂಗೇನಾ?"

"ಹೂಂ. ಇವಳಿಗಿಂತ ಮೊದಲಿನ ಎರಡು ಕೂಸು ಹೊಟ್ಟೇಲೇ ಹೋದ್ವು. ಇವಳು ಹೊಟ್ಟೇಲಿದ್ದಾಗ ನರ್ಸಮ್ಮ ನಾವೆಲ್ಲ ತಿನ್ನೋ ಬೆಟ್ಟದುಪ್ಪು ಬಿಡ್ಸಿ ಅಯೋಡಿನ್ ಉಪ್ಪು ಕೊಟ್ರು. ಅವತ್ತಿಂದ ಮನೇಲಿ ಅದೇ."

ಸುಗುಣ ಕನ್ನಡಿ ನೋಡಿಕೊಂಡು ಹಾಡು ಗುನುಗುತ್ತಿದ್ದಳು. ತಮ್ಮ ಗಡ್ಡೆಯ ಒತ್ತಿಗೆ ಒಂದು ಮಾತಿಗೆ ಎರಡು ಸಲ ಉಸಿರೆಳೆಯುವ ವೀರಾಚಾರಿ, ಎಲ್ಲೂ ತಡೆಯದೆ ಹರಿಯುವ ಆ ದನಿಯನ್ನೇ ಕೇಳುತ್ತ ಕುಳಿತರು. ಆಮೇಲೆ ಹೊಸ ಮರದ ತುಂಡೊಂದನ್ನು ತೆಗೆದು, ಅವಳ ಕತ್ತಿನ ಅಳತೆಗೆ ಕೆತ್ತತೊಡಗಿದರು.

"ಅರಳೆ ಬೇಡ ತಾಯಿ. ಅಚ್ಚನ್ನೇ ಬದಲಾಯಿಸ್ತೀನಿ."

"ಇವಳೊಬ್ಬಳಿಗೋಸ್ಕರ ಹೊಸ ಅಚ್ಚಾ?"

"ಒಬ್ಬಳಿಗಲ್ಲ. ನನ್ನ ಸೊಸೆ ಬಸುರಿ. ಆ ಉಪ್ಪು ಎಲ್ಲಿ ಸಿಗುತ್ತೆ ಹೇಳಿ."